ಶೇಂಗಾದೊಳಗಿನ ಔಡಲ

೧೯೫೬ರ ನವೆಂಬರ್ ೧೪, ಬುಧವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ರಾಚವ್ವ ಒಂದು ಮೊರ ಶೇಂಗಾ ಬೀಜವನ್ನು ಎಡಗಿವಿಯ ಹತ್ತಿರ ಹಿಡಿದು ಮೆಲ್ಲಗೆ ತನ್ನ ಕಡೆಗೆ ವಾಲಿಸುತ್ತಿದ್ದಳು. ಅದೇ ನಿಮಿಷಕ್ಕೆ ಗೋಡೆಯ ಆಚೆ ಶೇಂಗಾ ಒಡೆಯುವ ಹೊಸ ಯಂತ್ರ ಶುರುವಾಯಿತು. ಆಕೆಯ ಕೈ ಅರ್ಧಕ್ಕೆ ನಿಂತಿತು. ಮೊರವನ್ನು ಇನ್ನಷ್ಟು ಹತ್ತಿರ ತಂದಳು, ಕಿವಿಗೆ ತಾಗಿಸಿದಳು, ಮತ್ತೆ ವಾಲಿಸಿದಳು. ಆಮೇಲೆ ಅದನ್ನು ತೊಡೆಯ ಮೇಲಿಟ್ಟುಕೊಂಡಳು. ಯಂತ್ರ ಶುರುವಾದ ಹೊತ್ತನ್ನು ಬರೆದಿಡಬೇಕೆಂದು ಮಿಲ್ಲಿನ ಮಾಲೀಕ ಸೇಠರು ನನಗೆ ಹೇಳಿದ್ದರು. ಹಾಗಾಗಿ ಆ ನಿಮಿಷ ನನ್ನ ಪುಸ್ತಕದಲ್ಲಿದೆ.

ಮುಂಬೈಯ ಮಲಾಡ್ ಸ್ಟೇಷನ್ನಿನ ಪಶ್ಚಿಮಕ್ಕೆ, ಕಾಲ್ನಡಿಗೆಯಲ್ಲಿ ಹನ್ನೆರಡು ನಿಮಿಷದ ದೂರದಲ್ಲಿ ನಮ್ಮ ಎಣ್ಣೆ ಮಿಲ್ಲು ಇತ್ತು. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಬಂದ ನನಗೆ ಅಲ್ಲಿಯ ಸಣ್ಣ ಪ್ರಯೋಗಶಾಲೆಯಲ್ಲಿ ಕೆಲಸ. ಬಂದ ಬೀಜದಲ್ಲಿ ಎಣ್ಣೆ ಎಷ್ಟು, ತೇವ ಎಷ್ಟು, ಕಸ ಎಷ್ಟು ಎಂದು ನೋಡಿ ಹೇಳಬೇಕು. ವಿಜಾಪುರ, ಬಾಗಲಕೋಟೆ, ಗದಗಿನ ಕಡೆಯಿಂದ ಬಂದ ಶೇಂಗಾದಲ್ಲಿ ಸಣ್ಣ ಬೀಜ ಗಾಣಕ್ಕೆ ಹೋಗುತ್ತಿತ್ತು. ದಪ್ಪ ಬೀಜವನ್ನು ಹಸನು ಮಾಡಿ ತಿನ್ನುವ ಶೇಂಗಾ ಎಂದು ಹೊಟೇಲುಗಳಿಗೆ, ಅಂಗಡಿಗಳಿಗೆ, ಮಕ್ಕಳ ವಸತಿ ನಿಲಯಗಳಿಗೆ ಕಳಿಸುತ್ತಿದ್ದರು. ಹಸನು ಮಾಡುವ ಚಪ್ಪರದಲ್ಲಿ ಆರು ಜನ ಹೆಂಗಸರಿದ್ದರು. ಎಲ್ಲರಿಗಿಂತ ಹಿರಿಯಳು ರಾಚವ್ವ. ಇಂಡಿ ತಾಲೂಕಿನವಳು, ಐವತ್ತೈದರ ಆಸುಪಾಸು. ಗಂಡ ಇದೇ ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದವನು, ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಮಿಲ್ಲಿನ ಕಾಂಪೌಂಡಿನೊಳಗೆ ಆಕೆಗೆ ಇರಲೊಂದು ಖೋಲಿ ಇತ್ತು. ಕೆಲಸ ಇರುವವರೆಗೆ ಖೋಲಿ. ಕೆಲಸ ಹೋದರೆ ಅದೂ ಹೋಯಿತು.

ಹಸನು ಮಾಡುವುದೆಂದರೆ ಕಲ್ಲು, ಕೊಳೆತ ಕಾಳು ತೆಗೆಯುವುದು. ಎಲ್ಲಕ್ಕಿಂತ ಮುಖ್ಯವಾಗಿ ಔಡಲ ತೆಗೆಯುವುದು. ಔಡಲವೆಂದರೆ ಹರಳು. ಶೇಂಗಾದಲ್ಲಿ ಔಡಲ ಹೇಗೆ ಬರುತ್ತದೆಂದು ನನಗೆ ಮೊದಲು ತಿಳಿಸಿದವಳು ರಾಚವ್ವನೇ.

"ಶೇಂಗಾದ ಹೊಲದ ಬದುವಿಗೆ ಔಡಲ ಹಚ್ಚತಾರ್ರಿ ಸಾಹೇಬ್ರ. ಹುಳಾ ಮೊದಲ ಅದರ ಎಲಿಗೆ ಹೋಗತಾವ, ಶೇಂಗಾ ಉಳೀತೈತಿ. ಕಣಾ ಮಾತ್ರ ಒಂದ. ಶೇಂಗಾನೂ ಅಲ್ಲೇ, ಔಡಲಾನೂ ಅಲ್ಲೇ. ನಿಮ್ಮ ಬಾಟ್ಲಿ ಒಳಗ ಇದೆಲ್ಲಾ ಕಾಣೂದಿಲ್ಲ, ಹೌದಿಲ್ಲೋ?"

ಹೆಂಗಸರು ನಕ್ಕರು. ಅವರ ಬಾಯಲ್ಲಿ ನಾನು ಬಾಟ್ಲಿ ಸಾಹೇಬ.

ಎಣ್ಣೆಕಾಳಿನ ವಿಷಯ ಬಂದರೆ ಆಕೆ ಮಾತು ನಿಲ್ಲಿಸುತ್ತಿರಲಿಲ್ಲ. ಜೋಳದ ಹೊಲದ ಸುತ್ತ ಕುಸುಬೆ ಬಿತ್ತುವುದು ಎಣ್ಣೆಗೆ ಮಾತ್ರವಲ್ಲ, ಅದರ ಮುಳ್ಳಿಗೆ ಹೆದರಿ ದನ ಒಳಗೆ ಬರುವುದಿಲ್ಲ ಎನ್ನುತ್ತಿದ್ದಳು. ಅಗಸೆ ಎಣ್ಣೆಯನ್ನು ಕಾಯಿಸಿ ಬಂಡಿಯ ಕಟ್ಟಿಗೆಗೆ ಹಚ್ಚುತ್ತಿದ್ದರಂತೆ, ಮಳೆಗೆ ಹಾಳಾಗದಿರಲೆಂದು. ಗುರೆಳ್ಳಿನ ಹಿಂಡಿ ಎಂದರೆ ಜನರಿಗೆ ರೊಟ್ಟಿಯ ಜೊತೆ ತಿನ್ನುವ ಚಟ್ನಿ, ಗಾಣದ ಹಿಂಡಿ ಎಂದರೆ ಎಮ್ಮೆಗೆ. ಔಡಲದ ಎಣ್ಣೆ ಹುಟ್ಟಿದ ಕೂಸಿನ ನೆತ್ತಿಗೆ, ಬಂಡಿಯ ಅಚ್ಚಿಗೆ, ದೇವರ ದೀಪಕ್ಕೆ, ಹೊಟ್ಟೆ ಕಟ್ಟಿದವರಿಗೆ. ಎಲೆಯನ್ನು ಬೆಚ್ಚಗೆ ಮಾಡಿ ಬಾಣಂತಿಯ ಎದೆಗೆ ಕಟ್ಟುತ್ತಾರೆ. "ಆದ್ರ ಬೀಜಾ ಮಾತ್ರ ಬಾಯಾಗ ಇಡಬಾರ್ದು. ನಮ್ಮ ಓಣ್ಯಾಗ ಒಂದ ಕೂಸು ಎರಡ ಬೀಜಾ ಕಡಕೊಂಡು ಮೂರ ದಿನದಾಗ ಹೋತು" ಎಂದಿದ್ದಳು. ಅದು ಸರಿ. ಹರಳಿನ ವಿಷ ಎಣ್ಣೆಗೆ ಇಳಿಯುವುದಿಲ್ಲ, ತಿರುಳಿನಲ್ಲಿಯೇ ಉಳಿಯುತ್ತದೆ. ಚೆನ್ನಾಗಿ ಅಗಿದ ಎರಡು ಮೂರು ಬೀಜ ಒಂದು ಮಗುವಿನ ಪ್ರಾಣಕ್ಕೆ ಸಾಕು. ಒಂದೇ ಸಾಕಾಗುವುದೂ ಉಂಟು.

ಆಕೆಗೆ ಕಣ್ಣು ಕಾಣುವುದಿಲ್ಲವೆಂದು ನನಗೆ ಗೊತ್ತಾದದ್ದು ೧೯೫೪ರ ಆಗಸ್ಟಿನಲ್ಲಿ. ಒಂದು ಕಾಗದದಲ್ಲಿ ನಾಲ್ಕು ಕಾಳು ಹಾಕಿ, "ಇದು ಯಾವುದು ನೋಡಿ ಹೇಳವ್ವ" ಎಂದು ಕೈ ಚಾಚಿದೆ. ನನ್ನ ಕೈ ಗಾಳಿಯಲ್ಲಿಯೇ ಉಳಿಯಿತು. ಆಕೆ ನನ್ನ ದನಿ ಬಂದ ಕಡೆಗೆ ಮುಖ ಮಾಡಿ ನಗುತ್ತಿದ್ದಳು. ಪಕ್ಕದಲ್ಲಿದ್ದ ನಾಗವ್ವ ತಟ್ಟನೆ ಕಾಗದ ತೆಗೆದುಕೊಂಡು ರಾಚವ್ವನ ಅಂಗೈಗೆ ಸುರಿದಳು. ಆಕೆ ಬೆರಳಿನಲ್ಲಿ ಉಜ್ಜಿ, ಒಂದನ್ನು ಹಲ್ಲಿನಲ್ಲಿ ಕಡಿದು, "ಕುಸಬಿ. ಹ್ವಾದ ವರ್ಷದ್ದು" ಎಂದಳು. ನಿಜವಾಗಿಯೂ ಹೋದ ವರ್ಷದ್ದೇ. ಆಮೇಲೆ ದನಿ ಇಳಿಸಿ ಹೇಳಿದಳು:

"ತಿಳೀತಲ್ರಿ ನಿಮಗ. ಎರಡೂ ಕಣ್ಣಾಗ ಪೊರಿ ಬಂದೈತಿ. ಯಾರಿಗೂ ಹೇಳಬ್ಯಾಡ್ರಿ ಸಾಹೇಬ್ರ. ಖೋಲಿ ಹೋದ್ರ ನಾ ಎಲ್ಲಿ ಹೋಗ್ಲಿ?"

"ಮತ್ತೆ ಔಡಲ ಹೇಗೆ ತೆಗೀತೀರಿ?"

"ಕಿವಿ ಐತಲ್ರಿ."

ಮೊರ ವಾಲಿಸಿದರೆ ಶೇಂಗಾ ಮೆತ್ತಗೆ ಜಾರುತ್ತದೆ. ಔಡಲದ ಸಿಪ್ಪೆ ಗಾಜಿನ ಹಾಗೆ ನುಣುಪು, ಗಟ್ಟಿ. ಅದು ಬೇರೆ ಸಪ್ಪಳ ಮಾಡುತ್ತ ಉರುಳುತ್ತದೆ. ಆಕೆ ಮೂರು ಸಲ ವಾಲಿಸುತ್ತಿದ್ದಳು. ಎರಡನೆಯ ಸಲಕ್ಕೆ ಅದು ಯಾವ ಮೂಲೆಯಲ್ಲಿದೆ ಎಂದು ಗೊತ್ತಾಗುತ್ತಿತ್ತು, ಮೂರನೆಯ ಸಲಕ್ಕೆ ಬೆರಳು ಅದರ ಮೇಲಿರುತ್ತಿತ್ತು. ನನಗೆ ನಂಬಿಕೆಯಾಗಲಿಲ್ಲ. ಅಂದಿನಿಂದ ಪ್ರತಿ ಶನಿವಾರ ಆಕೆ ಹಸನು ಮಾಡಿದ ಚೀಲದಿಂದ ಒಂದು ಸೇರು ತೆಗೆದು ನಾನೇ ಕಾಳು ಕಾಳಾಗಿ ನೋಡುತ್ತಿದ್ದೆ. ನೂರಕ್ಕೂ ಹೆಚ್ಚು ಶನಿವಾರಗಳು. ಒಂದು ಔಡಲವೂ ಸಿಗಲಿಲ್ಲ. ಉಳಿದ ಐವರ ಚೀಲಗಳಲ್ಲಿ ವರ್ಷಕ್ಕೆ ಎರಡೋ ಮೂರೋ ಸಿಗುತ್ತಿದ್ದವು.

ಚಪ್ಪರದ ಕೆಲಸ ನೋಡಿಕೊಳ್ಳುವ ಮುಕಾದಮ ಶೆಟ್ಟೆಪ್ಪನಿಗೆ ಅನುಮಾನವಿತ್ತು. ಅವನೂ ಆ ಕಡೆಯವನೇ. "ಏನ್ ರಾಚಕ್ಕಾ, ಮೊರದ ಕೂಡ ಗುಟ್ಟ ಮಾತಾಡಾಕತ್ತಿಯೇನು?" ಎಂದು ಕೆಣಕುತ್ತಿದ್ದ.

"ನಾ ಏನೂ ಮಾತಾಡೂದಿಲ್ಲೋ ಶೆಟ್ಟೆಪ್ಪ. ಅದ ಮಾತಾಡತೈತಿ. ನಿನ್ನ ಗುಟ್ಟೆಲ್ಲಾ ಹೇಳತೈತಿ."

"ಆತು ಬಿಡು. ಈ ತಿಂಗಳಿಂದ ವಿಜಾಪುರಕ್ಕೂ ಮುಂಬೈಕ್ಕೂ ಸಂಬಂಧ ಇಲ್ಲ. ನಿಮ್ಮೂರು ಮೈಸೂರು ರಾಜ್ಯಕ್ಕ ಹೋತು. ನೀನೂ ಗಂಟ ಕಟ್ಟು."

"ನಿಮ್ಮೂರೇನ ಲಂಡನ್ನಿಗೆ ಹೋತೇನು?" ಎಂದಳು ನಾಗವ್ವ.

ಇದು ನವೆಂಬರಿನ ಮೊದಲ ವಾರದ ಮಾತು. ಹದಿನಾಲ್ಕನೆಯ ತಾರೀಖಿನಿಂದ ಚಪ್ಪರದಲ್ಲಿ ಮಾತೇ ನಿಂತಿತು. ಯಂತ್ರದ ಸದ್ದಿನಲ್ಲಿ ಪಕ್ಕದವರ ದನಿಯೂ ಕೇಳುತ್ತಿರಲಿಲ್ಲ. ಅಲ್ಲಿಯವರೆಗೆ ನಾವು ಒಡೆದ ಬೀಜವನ್ನೇ ಕೊಳ್ಳುತ್ತಿದ್ದೆವು. ಇನ್ನು ಕಾಯಿ ತಂದು ಇಲ್ಲಿಯೇ ಒಡೆಯುವುದೆಂದು ಸೇಠರು ನಿರ್ಧರಿಸಿದ್ದರು.

ಮಧ್ಯಾಹ್ನದ ಬಿಡುವಿನಲ್ಲಿ ರಾಚವ್ವ ಗೋಡೆ ಹಿಡಿದುಕೊಂಡು ನನ್ನ ಕೋಣೆಯ ಬಾಗಿಲಿಗೆ ಬಂದಳು. "ಅದನ್ನ ಬ್ಯಾರೆ ಕಡೆ ಇಡಾಕ ಬರೂದಿಲ್ಲೇನ್ರಿ?"

ನಾನು ಸೇಠರಿಗೆ ಹೇಳಿದೆ. ಕಿವಿಯ ವಿಷಯ ಹೇಳುವಂತಿರಲಿಲ್ಲ, ಧೂಳಿನ ವಿಷಯ ಹೇಳಿದೆ. ಅದೂ ಸುಳ್ಳಲ್ಲ. ಸಿಪ್ಪೆಯ ಧೂಳು ಗೋಡೆ ದಾಟಿ ಬಂದು ಮೊರಗಳ ಮೇಲೆ ಕೂರುತ್ತಿತ್ತು. ಶೇಂಗಾ, ಔಡಲ ಎಲ್ಲ ಒಂದೇ ಮಣ್ಣಿನ ಬಣ್ಣವಾಗುತ್ತಿತ್ತು. ಸೇಠರು, "ಬುನಾದಿಗೆ ಸಿಮೆಂಟ್ ಹಾಕಿ ಆಗಿದೆ. ಇನ್ನು ಅದು ಅಲ್ಲಿಯೇ" ಎಂದರು.

ಅಂದಿನಿಂದ ರಾಚವ್ವ ಬೆರಳಿನಿಂದ ಹುಡುಕತೊಡಗಿದಳು. ದಿನಕ್ಕೆ ಮೂರು ಚೀಲ ಮಾಡುತ್ತಿದ್ದವಳಿಗೆ ಒಂದು ಮುಗಿಸುವುದೂ ಕಷ್ಟ. ಉಳಿದದ್ದನ್ನು ನಾಗವ್ವ ಮತ್ತು ಇತರರು ತಮ್ಮ ಚೀಲಗಳ ಜೊತೆ ಅವಸರದಲ್ಲಿ ಮುಗಿಸಿಕೊಡುತ್ತಿದ್ದರು.

ನವೆಂಬರ್ ೨೪ರ ಶನಿವಾರ ವಿಲೆ ಪಾರ್ಲೆಯ ಒಂದು ಮಕ್ಕಳ ನಿಲಯದಲ್ಲಿ ಮೂವರಿಗೆ ವಾಂತಿ ಭೇದಿ ಶುರುವಾಯಿತು. ಅಲ್ಲಿ ದಿನಾ ಬೆಳಿಗ್ಗೆ ಮಕ್ಕಳಿಗೆ ನೆನೆಸಿದ ಹಸಿ ಶೇಂಗಾ ಮತ್ತು ಒಂದು ತುಂಡು ಬೆಲ್ಲ ಕೊಡುತ್ತಿದ್ದರು. ನಿಲಯ ನೋಡಿಕೊಳ್ಳುತ್ತಿದ್ದ ವಿನೋದಿನಿಬಾಯಿ ಉಡುಪಿಯ ಕಡೆಯವರು. ಬಟ್ಟಲಿನ ತಳದಲ್ಲಿ ಸಿಕ್ಕ ಒಂದು ಚೂರು ಸಿಪ್ಪೆಯನ್ನು ಕರವಸ್ತ್ರದಲ್ಲಿ ಕಟ್ಟಿ ನನ್ನ ಹತ್ತಿರ ತಂದರು. ಮಸೂರದ ಕೆಳಗೆ ಇಟ್ಟೆ. ಚುಕ್ಕೆ ಚುಕ್ಕೆಯ ಸಿಪ್ಪೆ. ಔಡಲ. ಮಕ್ಕಳು ಹೇಗೋ ಉಳಿದರು.

ಸೇಠರಿಗೆ ಒಂದು ಹೆಸರು ಬೇಕಾಗಿತ್ತು. ಶೆಟ್ಟೆಪ್ಪ ರಾಚವ್ವನ ಹೆಸರು ಹೇಳಿದ. ಸೋಮವಾರ ಎಲ್ಲರ ಎದುರು ಸೇಠರು ತಮ್ಮ ಮಡಿಸಿದ ಛತ್ರಿಯನ್ನು ನೆಲಕ್ಕೆ ಕುಟ್ಟಿ, ಎತ್ತಿ ಹಿಡಿದು, "ಬಾಯಿ, ಇದೇನು?" ಎಂದು ಕೇಳಿದರು. ರಾಚವ್ವ ಸದ್ದು ಕೇಳಿ, ಬಡಿಗೆಯೆಂದುಕೊಂಡು, "ಬಡಿಗಿರಿ" ಎಂದಳು. ಚೀಲ ಹೊರುವವರು ನಕ್ಕರು. ಆ ಹೊತ್ತಿನಿಂದಲೇ ಆಕೆಯನ್ನು ಮೊರದಿಂದ ಎಬ್ಬಿಸಿದರು. ಮುಂದಿನ ಸೋಮವಾರದೊಳಗೆ ಖೋಲಿ ಬಿಡಬೇಕೆಂದಾಯಿತು.

ನಾನು ಒಂದು ಭಾನುವಾರದ ಅವಕಾಶ ಕೇಳಿದೆ. ಅಂದು ಯಂತ್ರಕ್ಕೆ ರಜೆ. ರಾಚವ್ವನನ್ನು ಎಬ್ಬಿಸಿದ ಮೇಲೆ ಕಣ್ಣು ಕಾಣುವ ಐವರು ಹಸನು ಮಾಡಿದ ಚೀಲ ಒಂದನ್ನು ತೆಗೆದುಕೊಳ್ಳೋಣ, ಅದರಲ್ಲಿ ನಾನು ಇಪ್ಪತ್ತೈದು ಔಡಲ ಸೇರಿಸುತ್ತೇನೆ, ಆಕೆ ಹುಡುಕಲಿ ಎಂದೆ. ಸೇಠರು ಯೋಚಿಸಿದರು. ಆ ಭಾನುವಾರ ಮಧ್ಯಾಹ್ನ ವಿನೋದಿನಿಬಾಯಿ ಬರುವವರಿದ್ದರು. ನಮ್ಮ ಶೇಂಗಾ ಇನ್ನೂ ಕೊಳ್ಳಬೇಕೋ ಬೇಡವೋ ಎಂದು ಅವರು ನಿರ್ಧರಿಸುವ ದಿನ ಅದು. ಅವರೆದುರು ಒಂದು ಪರೀಕ್ಷೆ ನಡೆದರೆ ಒಳ್ಳೆಯದೇ. "ಇಪ್ಪತ್ತೈದಕ್ಕೆ ಇಪ್ಪತ್ತೈದು ತೆಗೆದರೆ ಇರಲಿ. ಒಂದು ಕಡಿಮೆಯಾದರೂ ಹೋಗಬೇಕು" ಎಂದರು.

ಆಮೇಲೆ ಏನಾಯಿತೆಂಬುದನ್ನು ಮೊದಲು ಹೇಳಿಬಿಡುತ್ತೇನೆ. ಆ ಭಾನುವಾರ ನಾನು ಬರೆದ ವರದಿಯ ನಕಲು ನನ್ನ ಹತ್ತಿರ ಇದೆ. "ಹಾಕಿದ್ದು ಇಪ್ಪತ್ತೈದು. ಸಿಕ್ಕಿದ್ದು ಇಪ್ಪತ್ತೈದು. ಉಳಿದಂತೆ ಚೀಲ ಶುದ್ಧ." ಕೆಳಗೆ ನನ್ನ ಸಹಿ. ಬಾಯಿಮಾತಿಗಿಂತ ಸಹಿ ಇದ್ದ ಆ ಕಾಗದವನ್ನೇ ನಂಬಿ ವಿನೋದಿನಿಬಾಯಿ ನಮ್ಮ ಶೇಂಗಾ ಕೊಳ್ಳುವುದನ್ನು ಮುಂದುವರಿಸಿದರು. ರಾಚವ್ವ ಮಾತ್ರ ಸೋಮವಾರ ಬೆಳಿಗ್ಗೆ ಖೋಲಿ ಬಿಟ್ಟಳು. ನಾಗವ್ವ ಆಕೆಯನ್ನು ಧಾರಾವಿಯಲ್ಲಿದ್ದ ತನ್ನ ಅಣ್ಣನ ಮನೆಗೆ ಸೇರಿಸಿದಳು. ಅಲ್ಲಿ ಚರ್ಮದ ಚೂರುಗಳನ್ನು ಬೆರಳಿನಿಂದ ಮುಟ್ಟಿ ದಪ್ಪ, ತೆಳು ಎಂದು ಬೇರೆ ಮಾಡುವ ಕೆಲಸ.

೧೯೫೭ರ ಜನವರಿ ೯ರಂದು ಅದೇ ನಿಲಯದಲ್ಲಿ ಅಕ್ಕು ಎಂಬ ಏಳು ವರ್ಷದ ಹುಡುಗಿ ಅದೇ ವಾಂತಿ ಭೇದಿಯಿಂದ ತೀರಿಕೊಂಡಳು. ಅವಳ ತಂದೆ ಪಾರ್ಲೆಯ ಒಂದು ಹೊಟೇಲಿನಲ್ಲಿ ಅಡುಗೆಯವನು. ತಾಯಿ ಇರಲಿಲ್ಲ, ಅದಕ್ಕೇ ಅಲ್ಲಿ ಬಿಟ್ಟಿದ್ದ. ವಿನೋದಿನಿಬಾಯಿ ನನ್ನ ಕೋಣೆಗೆ ಬಂದು ನಿಂತರು, ಕೂರಲಿಲ್ಲ. "ನಿಮ್ಮ ಕಾಗದದಲ್ಲಿ ಶುದ್ಧ ಅಂತ ಇತ್ತಲ್ಲ ಮಾರಾಯ್ರೆ?" ಎಂದರು. "ಇತ್ತು" ಎಂದೆ. ಅವರು ತಿರುಗಿ ಹೋದರು.

ಧಾರಾವಿಗೆ ನಾನು ಎರಡು ಸಲ ಹೋದೆ. ಮೊದಲ ಸಲ ಅಕ್ಕುವಿನ ವಿಷಯ ಹೇಳಿದೆ. ರಾಚವ್ವನ ಬೆರಳು ಚರ್ಮದ ಚೂರಿನ ಮೇಲೆ ನಿಂತಿತು. "ಎಷ್ಟ ವರ್ಷದ್ದರಿ?" "ಏಳು." ಆಕೆ ಆ ಚೂರನ್ನು ಯಾವ ಗುಡ್ಡೆಗೂ ಹಾಕಲಿಲ್ಲ, ಕೈಯಲ್ಲಿಯೇ ಹಿಡಿದುಕೊಂಡಿದ್ದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೊರಡುವಾಗ, "ಚಹಾ ಕುಡದು ಹೋಗ್ರಿ" ಎಂದಳು. ಎರಡನೆಯ ಸಲ ಹೋದಾಗ ಆಕೆ ಇರಲಿಲ್ಲ. ಜೂನ್ ತಿಂಗಳ ಮಳೆಯಲ್ಲಿ ಜ್ವರ ಬಂದು ಐದು ದಿನಕ್ಕೆ ತೀರಿಕೊಂಡಳೆಂದು ನಾಗವ್ವನ ಅಣ್ಣ ಹೇಳಿದ. ಯಂತ್ರವನ್ನು ಅದಕ್ಕೂ ಮೊದಲೇ, ಮಾರ್ಚಿನಲ್ಲಿ, ಅಂಗಳದ ಆ ತುದಿಗೆ ಸಾಗಿಸಿದ್ದರು. ಧೂಳಿನಿಂದ ಎಣ್ಣೆಯ ಬಣ್ಣ ಕೆಡುತ್ತದೆ ಎಂಬ ಕಾರಣಕ್ಕೆ.

ಈಗ ಆ ಭಾನುವಾರ, ಡಿಸೆಂಬರ್ ೨.

ಹಿಂದಿನ ದಿನ ಸಂಜೆ ಇಪ್ಪತ್ತೈದು ಔಡಲದ ಬೀಜ ಎಣಿಸಿ, ಪ್ರತಿಯೊಂದಕ್ಕೂ ನೇರಳೆ ಶಾಯಿಯ ಒಂದು ಚುಕ್ಕೆ ಇಟ್ಟು ಒಣಗಿಸಿದ್ದೆ. ಮುಟ್ಟಿದರೆ ಗೊತ್ತಾಗದಷ್ಟು ತೆಳು. ಸೋಮವಾರ ವಿಲೆ ಪಾರ್ಲೆಯ ಅಂಗಡಿ, ಹೊಟೇಲುಗಳಿಗೂ ಆ ನಿಲಯಕ್ಕೂ ಹೋಗಬೇಕಾಗಿದ್ದ ಅರವತ್ತು ಚೀಲಗಳಲ್ಲಿ ಒಂದನ್ನು ಶೆಟ್ಟೆಪ್ಪನೇ ಆರಿಸಿದ. ಎರಡು ಮಣದ ಚೀಲ. ಬೀಜ ಸೇರಿಸಿ, ನೆಲದ ಮೇಲೆ ಹರವಿ ಕಲಸಿ, ಮತ್ತೆ ತುಂಬಿ ಹೊಲಿದು ಅರಗು ಹಾಕಿದೆವು.

ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ರಾಚವ್ವ ಕುಳಿತಳು. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಒಗೆದ ಸೀರೆ ಉಟ್ಟು ಬಂದಿದ್ದಳು. ನಾಗವ್ವ ಮೊರಕ್ಕೆ ಬೀಜ ಸುರಿಯುವುದು, ಹಸನಾದದ್ದನ್ನು ಬೇರೆ ಚೀಲಕ್ಕೆ ತುಂಬುವುದು, ಅಷ್ಟೇ. ಮಾತಾಡಬಾರದು. ಚಪ್ಪರ ಎಷ್ಟು ಮೌನವಾಗಿತ್ತೆಂದರೆ ಕೆಲವು ಔಡಲಗಳ ಸಪ್ಪಳ ನನಗೂ ಕೇಳಿಸಿತು. ಸಿಕ್ಕಿದ್ದನ್ನು ಆಕೆ ಬಲಗಡೆಯ ತಟ್ಟೆಗೆ ಹಾಕುತ್ತಿದ್ದಳು. ದೂರದಲ್ಲಿ ಲೋಕಲ್ ರೈಲು ಹೋದಾಗ ಕೈ ತಡೆದು ಕಾಯುತ್ತಿದ್ದಳು. ನಡುವೆ ಒಮ್ಮೆ ಮಾತ್ರ ನೀರು ಕುಡಿದಳು. ಹನ್ನೆರಡು ಗಂಟೆ ಐದು ನಿಮಿಷಕ್ಕೆ ಮೊರವನ್ನು ಮೊಳಕಾಲಿಗೆ ಒರಗಿಸಿ, "ಮುಗೀತ್ರಿ" ಎಂದಳು.

"ಎಷ್ಟಾದವು?" ಎಂದರು ಸೇಠರು.

ಆಕೆ ಸಂಖ್ಯೆ ಹೇಳಿದಳು. ಶೆಟ್ಟೆಪ್ಪ ನಕ್ಕ. "ಕಣ್ಣ ಹೋಗಿದ್ದು ಗೊತ್ತಿತ್ತು, ಲೆಕ್ಕಾನೂ ಹೋಗೈತಿ. ಒಂದ ಹೆಚ್ಚ ಹೇಳಾಕತ್ತಾಳ."

ನಾನು ತಟ್ಟೆಯಲ್ಲಿದ್ದುದನ್ನು ಐದೈದಾಗಿ ಸಾಲು ಮಾಡಿದೆ. ಐದು ಸಾಲಾದ ಮೇಲೆ ಒಂದು ಉಳಿಯಿತು. ಆ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ಎಲ್ಲ ಮಗ್ಗುಲಲ್ಲಿ ನೋಡಿದೆ. ಶಾಯಿಯ ಚುಕ್ಕೆ ಇರಲಿಲ್ಲ. ನಾನು ಹಾಕಿದ್ದಲ್ಲ. ಅದು ಚೀಲದಲ್ಲಿ ಮೊದಲೇ ಇತ್ತು, ಧೂಳು ಮೆತ್ತಿಕೊಂಡು, ಕಣ್ಣಿರುವ ಐವರನ್ನೂ ದಾಟಿಕೊಂಡು ಬಂದಿತ್ತು. ಚಪ್ಪರದ ಮೂಲೆಯಲ್ಲಿ ಅಂಥವೇ ಇನ್ನೂ ಐವತ್ತೊಂಬತ್ತು ಚೀಲಗಳು ಬಾಯಿ ಹೊಲಿಸಿಕೊಂಡು ನಿಂತಿದ್ದವು.

ಸೇಠರಿಗೆ ಅದು ನನಗಿಂತ ಮೊದಲೇ ಅರ್ಥವಾಗಿತ್ತು. ನನ್ನ ಬೆರಳಿನಿಂದ ಆ ಬೀಜ ತೆಗೆದುಕೊಂಡು ಕಿಟಕಿಯಿಂದ ಮೋರಿಗೆ ಎಸೆದರು. ಶೆಟ್ಟೆಪ್ಪನ ನಗು ನಿಂತಿತು. "ನೀವು ಓದಿದವರು. ಎರಡು ಮಣದಲ್ಲಿ ಒಂದು ಬೀಜ. ನಿಮ್ಮ ಪುಸ್ತಕದಲ್ಲಿ ಇಂಥದ್ದಕ್ಕೆ ಏನೋ ಹೆಸರಿದೆಯಲ್ಲ?" ಎಂದರು ಸೇಠರು ನನಗೆ. ಹೆಸರಿತ್ತು. ಪ್ರಯೋಗದಲ್ಲಿ ಆಗುವ ದೋಷ. ದೋಷವಲ್ಲವೆಂದು ತಿಳಿಯಲೆಂದೇ ನಾನು ಶಾಯಿ ಹಾಕಿದ್ದೆ. ಆದರೂ ಪೆನ್ನು ತೆಗೆದೆ. ಆಗ ನನಗೆ ಇಪ್ಪತ್ತಾರು ವರ್ಷ. ಕೆಲಸ ಖಾಯಂ ಆಗಿ ಎಂಟು ತಿಂಗಳಾಗಿತ್ತು. ಇದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ.

ಆಮೇಲೆ ಸೇಠರು ರಾಚವ್ವನ ಎದುರು ಕುಕ್ಕರಗಾಲಿನಲ್ಲಿ ಕುಳಿತು, ಮನೆಯವರ ಹತ್ತಿರ ಮಾತಾಡುವ ಹಾಗೆ ಮೆತ್ತಗೆ ಹೇಳಿದರು. "ಬಾಯಿ, ನೀನು ಗೆದ್ದೆ. ಇಪ್ಪತ್ತೈದಕ್ಕೆ ಇಪ್ಪತ್ತೈದು. ಖೋಲಿ ನಿನ್ನದೇ. ಯಂತ್ರ ನಿಲ್ಲಿಸಿದ ಮೇಲೆ ಸಂಜೆ ಎರಡು ಗಂಟೆ ಕೂತು ಕೆಲಸ ಮಾಡು, ಸಾಕು. ಈಗ ಆ ನಿಲಯದ ಬಾಯಿ ಬರುತ್ತಾರೆ, ಕೇಳುತ್ತಾರೆ. ಇಪ್ಪತ್ತೈದು ಅನ್ನು."

"ತಟ್ಟ್ಯಾಗ ಎಷ್ಟ ಅದಾವ್ರಿ ಸಾಹೇಬ್ರ?" ಎಂದು ಆಕೆ ನನ್ನನ್ನು ಕೇಳಿದಳು.

"ಇಪ್ಪತ್ತೈದು" ಎಂದೆ. ಆ ಹೊತ್ತಿಗೆ ಅದು ನಿಜವಾಗಿತ್ತು.

ಆಕೆ ತಟ್ಟೆಗೆ ಕೈ ಹಾಕಿ ಒಂದೊಂದನ್ನೇ ಮುಟ್ಟಿ ನೋಡಿದಳು. ನಾಗವ್ವ ಹತ್ತಿರ ಸರಿದು, ಆಕೆಯ ಮೊಳಕೈ ಹಿಡಿದು ಪಿಸುಗುಟ್ಟಿದಳು: "ಅನ್ನು ಯವ್ವಾ. ಒಂದ ಮಾತು. ಅಂದಬಿಡು."

ಒಂದು ಗಂಟೆಗೆ ವಿನೋದಿನಿಬಾಯಿ ಬಂದರು. ಬಿಸಿಲಿನಲ್ಲಿ ಸ್ಟೇಷನ್ನಿನಿಂದ ನಡೆದು ಬಂದದ್ದರಿಂದ ಏದುಸಿರು ಬಿಡುತ್ತಿದ್ದರು. ಸೇಠರು ಕುರ್ಚಿ ತರಿಸಿದರು. ನಾನು ವರದಿ ಓದಿದೆ. ಅವರು ತಟ್ಟೆಯ ಕಡೆ ನೋಡಿ, ಐದು ಸಾಲು ಎಣಿಸಿ ತಲೆಯಾಡಿಸಿದರು. ಚೀಲ ಶುದ್ಧ ಎಂದು ನಾನು ಓದಿದಾಗ ಅವರ ಭುಜ ಸ್ವಲ್ಪ ಸಡಿಲವಾಯಿತು. ಒಂದು ವಾರ ಅವರು ನಿದ್ದೆ ಮಾಡಿರಲಿಲ್ಲವೆಂದು ಕಾಣುತ್ತಿತ್ತು.

ಆಮೇಲೆ ಅವರು ಎದ್ದು ರಾಚವ್ವನ ಹತ್ತಿರ ಹೋದರು. ಕೇಳಬೇಕಾದ ಅಗತ್ಯವಿರಲಿಲ್ಲ. ಮರ್ಯಾದೆಗೆ, ಆಕೆಯ ಬಾಯಿಂದಲೂ ಒಮ್ಮೆ ಕೇಳೋಣವೆಂದು ಕೇಳಿದರು.

"ಎಷ್ಟು ಸಿಕ್ಕಿದವಮ್ಮ ನಿಮಗೆ?"

ಸೇಠರು ಛತ್ರಿಯ ಹಿಡಿ ತಿರುಗಿಸುತ್ತಿದ್ದರು. ನಾನು ಕಾಗದ ಮಡಿಸುತ್ತಿದ್ದೆ. ರಾಚವ್ವ ದನಿ ಬಂದ ಕಡೆಗೆ ಮುಖ ಎತ್ತಿ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಇಪ್ಪತ್ತಾರು."